ಕೈನೂಲು ಮತ್ತು ಬಣ್ಣದ ಕಲೆ



ಜವಳಿ ಅಂಗಡಿಯಲ್ಲಿ ಕುಳಿತು ಸೀರೆಯನ್ನೋ ಶಾಲನ್ನೋ ಆರಿಸುವಾಗ ನಾವು ನೋಡುವುದೇನನ್ನು? ಅಂಚು ಎಷ್ಟು ಅಗಲ, ಸೆರಗು ಹೇಗಿದೆ, ಬಣ್ಣ ಒಪ್ಪುವುದೇ ಇಲ್ಲವೇ, ಬೆಲೆ ಎಷ್ಟು, ಇಷ್ಟನ್ನು. ಬಟ್ಟೆ ಬಹಳ ಚೆನ್ನಾಗಿದ್ದರೆ ನೇಯ್ದವರಾರೆಂದು ಒಮ್ಮೊಮ್ಮೆ ಕೇಳುವುದುಂಟು. ನೂತವರಾರು, ನೂಲಿಗೆ ಬಣ್ಣ ಕಟ್ಟಿದವರಾರು ಎಂದು ಕೇಳಿದ ಗ್ರಾಹಕರನ್ನು ನಾವಂತೂ ಇನ್ನೂ ಕಂಡಿಲ್ಲ. ನೂಲೆಂಬುದು ಬರಿಯ ಸಾಮಗ್ರಿ, ಕಲೆಯು ಆರಂಭವಾಗುವುದು ಮಗ್ಗದಲ್ಲಿ ಎಂಬುದೇ ಸಾಮಾನ್ಯವಾದ ಭಾವನೆ. ಈ ಭಾವನೆ ಪೂರ್ತಿಯಾಗಿ ಸರಿಯಲ್ಲವೆಂದೂ, ನೂಲು ತಾನೇ ಒಂದು ಕಲಾವಸ್ತುವಾಗಬಲ್ಲುದೆಂದೂ ನಿವೇದಿಸುವುದು ಈ ಹೊತ್ತಿನ ನಮ್ಮ ಉದ್ದೇಶ.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಮೊಹೆಂಜೊದಾರೊವಿನಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಉಳಿದಿದ್ದ ಹತ್ತಿಬಟ್ಟೆಯ ಚೂರಿನಲ್ಲಿ ಮಂಜಿಷ್ಠದ ಜಾತಿಯ ಬೇರಿನ ಕೆಂಪು ಬಣ್ಣ ದೊರೆತಿದೆ. ಸುಮಾರು 4,000 ವರ್ಷಗಳ ಹಿಂದೆಯೇ ನಮ್ಮವರು ಹತ್ತಿಗೆ ನಿಲ್ಲುವ ಕೆಂಪನ್ನು ಕಟ್ಟಬಲ್ಲವರಾಗಿದ್ದರೆಂದು ಇದರಿಂದ ತಿಳಿಯುತ್ತದೆ. ಗುಜರಾತಿನ ಪಾಟಣದಲ್ಲಿ ಪಟೋಲ ಸೀರೆಗೆಂದು ಹಾಸಿನ ನೂಲನ್ನೂ ಹೊಕ್ಕಿನ ನೂಲನ್ನೂ ಮೊದಲೇ ಅಲ್ಲಲ್ಲಿ ಬಿಗಿದು ಕಟ್ಟಿ, ಒಂದೊಂದೇ ಬಣ್ಣದಲ್ಲಿ ಅದ್ದಿ ತೆಗೆಯುವರು. ಮಗ್ಗವನ್ನೇರುವ ಮುನ್ನವೇ ಆನೆ, ಹೂ, ಬಳ್ಳಿಗಳೆಲ್ಲವೂ ನೂಲಿನಲ್ಲಿ ಅಡಗಿರುತ್ತವೆ. ನೇಕಾರನು ಅವುಗಳನ್ನು ಒಂದುಗೂಡಿಸುತ್ತಾನೆ, ಅಷ್ಟೆ.

ನೂಲುವುದೆಂದರೆ ಎರಡು ಕ್ರಿಯೆಗಳು. ಹಿಂಜಿದ ಎಳೆಗಳನ್ನು ಉದ್ದಕ್ಕೆ ಎಳೆಯುವುದು ಒಂದು. ಎಳೆದುದಕ್ಕೆ ಹುರಿ ಕೊಡುವುದು ಇನ್ನೊಂದು. ಹುರಿ ಕಡಮೆಯಾದರೆ ನೂಲು ಮೆತ್ತಗಾಗಿ ಬೇಗ ಕಳಚಿಹೋಗುತ್ತದೆ. ಹೆಚ್ಚಾದರೆ ಒರಟಾಗಿ, ಕೈಬಿಟ್ಟೊಡನೆ ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದೆ. ಹುರಿಗೆ ಒಂದು ಸ್ವಭಾವವುಂಟು: ಅದು ಯಾವಾಗಲೂ ತೆಳುವಾದ ಕಡೆಗೆ ಓಡುತ್ತದೆ. ಆದುದರಿಂದ ಎಳೆಯುವ ಕೈಯನ್ನು ಅಲ್ಲಲ್ಲಿ ತಡೆದು ನಿಲ್ಲಿಸಿದರೆ ಅಲ್ಲಿ ನೂಲು ದಪ್ಪವಾಗಿ, ಹುರಿಯಿಲ್ಲದೆ, ಮೊಗ್ಗಿನಂತೆ ಉಬ್ಬಿ ನಿಲ್ಲುತ್ತದೆ. ಅದರ ಎರಡು ಕಡೆಯೂ ತಂತಿಯಂತೆ ಬಿಗಿಯಾಗುತ್ತದೆ. ಅಲಂಕಾರದ ನೂಲುಗಳಲ್ಲಿ ಇದು ಮೊದಲನೆಯ ಬಗೆ. ಬೇರೆ ಬೇರೆ ಬಣ್ಣದ ಎರಡು ಎಳೆಗಳನ್ನು, ನೂತ ದಿಕ್ಕಿಗೆ ವಿರುದ್ಧವಾಗಿ ಸೇರಿಸಿ ಹುರಿಮಾಡಿದರೆ ಮಳೆಬಿದ್ದ ಕರಿಕಲ್ಲಿನಂತೆ ಮಿಶ್ರಕಾಂತಿಯ ನೂಲಾಗುತ್ತದೆ. ಒಂದೆಳೆಯನ್ನು ಬಿಗಿಯಾಗಿಯೂ ಇನ್ನೊಂದನ್ನು ಸಡಿಲವಾಗಿಯೂ ಹಿಡಿದು ಹುರಿಮಾಡಿದರೆ ಸಡಿಲವಾದುದು ಬಿಗಿಯಾದುದರ ಸುತ್ತ ಸುರುಳಿಗಳಾಗಿ ಕೂಡುತ್ತದೆ. ಈ ಮೂರನ್ನು ಬಲ್ಲವರು ಮಿಕ್ಕ ನೂರು ಬಗೆಗಳನ್ನು ತಾವೇ ಕಂಡುಕೊಳ್ಳಬಲ್ಲರು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ‘ಸಮನಾಗಿ ನೂಲಲಾರದವರು ತಮ್ಮ ಕೈಯ ದೋಷಕ್ಕೆ ಕಲೆಯೆಂದು ಹೆಸರಿಟ್ಟರೆ ನಾವು ಒಪ್ಪಬೇಕೆ?’ ಎಂದು. ಖಂಡಿತವಾಗಿಯೂ ಒಪ್ಪಬೇಕಾಗಿಲ್ಲ. ನೂಲಲು ಕಲಿಯುತ್ತಿರುವವರ ಕೈಯಲ್ಲಿ ಮೊದಲ ದಿನ ಬರುವ ಗಂಟುಗಂಟಾದ ನೂಲು ಕಲೆಯಲ್ಲ. ಅದು ಕಲಿಕೆಯ ಮೊದಲ ಮೆಟ್ಟಿಲು. ಹಂಜಿಯನ್ನು ಹಿಡಿದು ನೂರು ಗಜ ಸಮನಾದ ನೂಲನ್ನು ತೆಗೆಯಬಲ್ಲವರು, ಬೇಕೆಂದೇ ನೂರೊಂದನೆಯ ಗಜದಲ್ಲಿ ಒಂದು ಮೊಗ್ಗನ್ನಿಟ್ಟರೆ ಅದು ಕಲೆ. ಸಂಗೀತದಲ್ಲಿ ಗಮಕಕ್ಕೂ ಅಪಸ್ವರಕ್ಕೂ ಇರುವ ಅಂತರವೇ ಇಲ್ಲಿಯೂ ಇರುವುದು. ಎರಡರಲ್ಲಿಯೂ ಸ್ವರ ಅಲುಗುತ್ತದೆ, ಆದರೆ ಒಂದನ್ನು ಅಲುಗಿಸಿದವರು ಗಾಯಕರು.

ನಮ್ಮ ನಾಡಿನಲ್ಲಿ ಈ ಕಲೆಗೆ ತಕ್ಕ ಸಾಮಗ್ರಿ ಯಾವುದೆಂದರೆ ನಾವು ದಖ್ಖನಿ ಕುರಿಯ ಉಣ್ಣೆಯನ್ನು ತೋರಿಸುವೆವು. ಚಿತ್ರದುರ್ಗ, ಚಳ್ಳಕೆರೆ, ಬಳ್ಳಾರಿಯ ಒಣಸೀಮೆಯಲ್ಲಿ ಮೇಯುವ ಈ ಕುರಿಗಳಿಗೆ ವರ್ಷದಲ್ಲಿ ಎರಡು ಸಲ ಉಣ್ಣೆ ಕತ್ತರಿಸುವರು. ಕಪ್ಪು, ಬೂದು, ಕಂದು, ಅಪರೂಪಕ್ಕೆ ಬಿಳಿ, ಹೀಗೆ ಉಣ್ಣೆಯಲ್ಲಿಯೇ ನಾಲ್ಕಾರು ಬಣ್ಣಗಳಿವೆ. ಕುರುಬರ ಮನೆಗಳಲ್ಲಿ ಹೆಂಗಸರು ನೂತು, ಗಂಡಸರು ಹುಣಿಸೆಬೀಜದ ಗಂಜಿಯನ್ನು ಹಾಸಿಗೆ ಬಳಿದು, ನೇಯ್ದ ಕಂಬಳಿಗಳು ಮಳೆಗೆ, ಚಳಿಗೆ, ದೇವರ ಗದ್ದಿಗೆಗೆ ತಲೆಮಾರುಗಳಿಂದ ಬಳಕೆಯಾಗಿವೆ. ಈಚಿನ ದಶಕಗಳಲ್ಲಿ ಪಾಣಿಪತ್ತಿನ ಕಾರ್ಖಾನೆಗಳಿಂದ ಹಳೆಯ ಉಣ್ಣೆಬಟ್ಟೆಗಳನ್ನು ಚಿಂದಿಮಾಡಿ ನೂತ ಅಗ್ಗದ ಕಂಬಳಿಗಳು ಹಳ್ಳಿಹಳ್ಳಿಗೂ ಬಂದಿವೆ. ಕುರಿಯನ್ನು ಮಾಂಸಕ್ಕಾಗಿ ಸಾಕುವುದೇ ಲಾಭವೆಂದು ಕಂಡ ಮೇಲೆ ಉಣ್ಣೆಗೆ ಬೆಲೆ ಕುಸಿದು, ಕೆಲವೆಡೆ ಕತ್ತರಿಸಿದ ಕೂಲಿಯೂ ಹುಟ್ಟದೆ ಅದನ್ನು ಎಸೆಯುವಂತಾಗಿದೆ. ಗಿಡ್ಡವೂ ಒರಟೂ ಆದ ಈ ಎಳೆ ನಯವಾದ ಗಿರಣಿನೂಲಿಗೆ ಒದಗುವುದಿಲ್ಲ. ಆದರೆ ಮೊಗ್ಗುಳ್ಳ ನೂಲಿಗೂ ಮಿಶ್ರವರ್ಣದ ಹುರಿಗೂ ಈ ಒರಟುತನವೇ ಗುಣ. ಗೋಡೆಗೆ ತೂಗುಹಾಕುವ ಹಾಸು, ಜಮಖಾನ, ದಿಂಬಿನ ಹೊದಿಕೆ, ಕೈಚೀಲ, ಇವುಗಳಲ್ಲಿ ಅದು ತನ್ನ ಘನತೆಯಿಂದ ನಿಲ್ಲುತ್ತದೆ.

ಇನ್ನು ಬಣ್ಣದ ಮಾತು. ನೀಲಿಯ ವಿದ್ಯೆಯನ್ನು ಕಣ್ಣಾರೆ ಕಂಡವರು ಅದನ್ನು ಮರೆಯಲಾರರು. ನೀಲಿಯು ನೀರಿನಲ್ಲಿ ಕರಗುವುದಿಲ್ಲ. ದಕ್ಷಿಣದ ಬಣ್ಣಗಾರರು ಸುಣ್ಣದ ನೀರಿನಲ್ಲಿ ತಗಚೆಯ ಬೀಜವನ್ನು ಬೇಯಿಸಿ ಹಾಕಿ, ಮಡಕೆಯಲ್ಲಿ ಹುದುಗೆಬ್ಬಿಸಿ, ಅದರಲ್ಲಿರುವ ಆಮ್ಲಜನಕವನ್ನು ಕಳೆಯುವರು. ಆಗ ನೀಲಿಯು ಕರಗಿ ಹಳದಿಹಸುರಾಗುತ್ತದೆ. ಅದರಲ್ಲಿ ಅದ್ದಿ ತೆಗೆದ ಲಡಿ ಮೊದಲು ಹಸುರಾಗಿಯೇ ಬರುತ್ತದೆ. ಗಾಳಿ ತಗುಲಿದಂತೆಲ್ಲ ನೋಡನೋಡುತ್ತಲೇ ನೀಲಿಯಾಗುತ್ತದೆ. ಹೆಚ್ಚು ಸಲ ಅದ್ದಿದಷ್ಟೂ ಗಾಢವಾಗುತ್ತದೆ. ಹತ್ತಿಗೆ ಒದಗುವ ಸುಣ್ಣದ ಖಾರ ಉಣ್ಣೆಗೆ ಹೆಚ್ಚಾದರೆ ಎಳೆ ಕೆಡುವುದರಿಂದ ಉಣ್ಣೆಯ ಮಡಕೆಯನ್ನು ಸೌಮ್ಯವಾಗಿಡಬೇಕು. ಬೂದುಬಣ್ಣದ ಉಣ್ಣೆಯ ಮೇಲೆ ಕಟ್ಟಿದ ನೀಲಿಯು ಮುಸ್ಸಂಜೆಯ ಆಕಾಶದಂತೆ ಕಾಣುವುದು. ಬಿಳಿಯ ಉಣ್ಣೆಯ ಮೇಲೆ ಆ ಛಾಯೆ ಬರಲಾರದು.

ಮಿಕ್ಕ ಬಹುಪಾಲು ಬಣ್ಣಗಳು ಎಳೆಯನ್ನು ಹಿಡಿದುಕೊಳ್ಳಬೇಕಾದರೆ ನಡುವೆ ಒಂದು ಬಂಧಕ ಬೇಕು. ಉಣ್ಣೆಯ ತೂಕ 100 ಭಾಗವಾದರೆ ಪಟಕ 10ರಿಂದ 15 ಭಾಗ ಸಾಕು. ಹತ್ತಿಗಾದರೆ ಮೊದಲು ಅಳಲೆಕಾಯಿಯ ಒಗರನ್ನು ಉಣಿಸಿ ಬಳಿಕ ಪಟಕ ಕೊಡುವರು. ಮಂಜಿಷ್ಠದಿಂದ ಕೆಂಪು, ದಾಳಿಂಬೆಯ ಸಿಪ್ಪೆಯಿಂದ ಹಳದಿ. ಅದೇ ಸಿಪ್ಪೆಗೆ ಪಟಕದ ಬದಲು ಅನ್ನಭೇದಿ ಸೇರಿದರೆ ಕಂದುಹಸುರು. ನೂಲಿನ ಮೆತ್ತನೆಯ ಮೊಗ್ಗುಗಳು ಬಣ್ಣವನ್ನು ಆಳವಾಗಿ ಕುಡಿಯುತ್ತವೆ, ಬಿಗಿಹುರಿಯ ಭಾಗ ಮೇಲುಮೇಲೆ ಹಿಡಿಯುತ್ತದೆ. ಹೀಗೆ ಒಂದೇ ಮುಳುಗಿನಲ್ಲಿ ಎರಡು ಛಾಯೆಗಳು ಬರುವುದುಂಟು. ನೂತವರಿಗೂ ಬಣ್ಣ ಕಟ್ಟುವವರಿಗೂ ಒಪ್ಪಂದವಿರಬೇಕೆಂಬುದು ಇದಕ್ಕಾಗಿಯೇ.

ಅವಸರವು ಇಲ್ಲಿ ದೊಡ್ಡ ಶತ್ರು. ನಾವೇ ಒಮ್ಮೆ, ವಾರವೆಲ್ಲ ಕುಳಿತು ನೂತ ಉಣ್ಣೆಯ ಲಡಿಗಳನ್ನು ಕುದಿಬಣ್ಣದಿಂದ ತೆಗೆದು, ಬೇಗ ಆರಲೆಂದು ತಣ್ಣೀರಿಗೆ ಹಾಕಿ ಕೈಯಿಂದ ಹಿಸುಕಿದೆವು. ಬಿಸಿಯಿಂದ ತಂಪಿಗೆ ಬಿದ್ದು ಉಜ್ಜಿಸಿಕೊಂಡ ಉಣ್ಣೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಹಗ್ಗವಾಯಿತು. ಬಣ್ಣವೇನೋ ಸೊಗಸಾಗಿಯೇ ಇತ್ತು. ಬಿಡಿಸಲು ಒಂದೆಳೆಯೂ ಬರಲಿಲ್ಲ. ಆ ಹಗ್ಗವನ್ನು ನಾವು ಇನ್ನೂ ಇಟ್ಟುಕೊಂಡಿದ್ದೇವೆ. ಪಾತ್ರೆಯಲ್ಲಿಯೇ ತಾನಾಗಿ ಆರಲು ಬಿಟ್ಟಿದ್ದರೆ ಈ ನಷ್ಟವಿರಲಿಲ್ಲ.

ರಾಸಾಯನಿಕ ಬಣ್ಣಗಳನ್ನು ಹಳಿದು, ಗಿಡದ ಬಣ್ಣಗಳನ್ನು ಹೊಗಳಿ ಮುಗಿಸುವುದು ಸುಲಭ, ನ್ಯಾಯವಲ್ಲ. 1856ರಲ್ಲಿ ಪರ್ಕಿನ್ ಎಂಬ ಹದಿನೆಂಟು ವರ್ಷದ ಆಂಗ್ಲ ವಿದ್ಯಾರ್ಥಿ ನೇರಿಳೆಬಣ್ಣವನ್ನು ಪ್ರಯೋಗಶಾಲೆಯಲ್ಲಿ ಕಂಡನು. 1868ರಲ್ಲಿ ಜರ್ಮನಿಯಲ್ಲಿ ಮಂಜಿಷ್ಠದ ಕೆಂಪಿನ ಸತ್ತ್ವವನ್ನು ಕೃತಕವಾಗಿ ಮಾಡಿದರು. 1897ರಲ್ಲಿ ಕೃತಕ ನೀಲಿಯೂ ಮಾರುಕಟ್ಟೆಗೆ ಬಂದಿತು. ಇವು ಅಗ್ಗ, ಒಂದು ಲಡಿಯಂತೆ ಇನ್ನೊಂದನ್ನು ಮಾಡಬಹುದು, ಅನೇಕವು ಬಹಳ ಬಾಳುತ್ತವೆ. ನಮ್ಮ ಅರಿಸಿನದ ಹಳದಿಯಾದರೋ ಬಿಸಿಲಿಗೆ ಬೇಗ ಮಾಸುತ್ತದೆ. ಮೇಲಾಗಿ ಗಿಡದ ಬಣ್ಣವೆಂದ ಮಾತ್ರಕ್ಕೆ ಅದು ನಿಷ್ಪಾಪವಲ್ಲ. 1859ರಲ್ಲಿ ಬಂಗಾಳದ ರೈತರು ದಂಗೆಯೆದ್ದುದೂ, 1917ರಲ್ಲಿ ಗಾಂಧೀಜಿಯವರು ಚಂಪಾರಣ್ಯಕ್ಕೆ ಹೋದುದೂ ಇದೇ ನೀಲಿಯ ಬೆಳೆಯಿಂದ ರೈತರಿಗಾದ ಅನ್ಯಾಯಕ್ಕಾಗಿ. ಬಣ್ಣವು ಗಿಡದ್ದೇ, ಪ್ರಯೋಗಶಾಲೆಯದೇ ಎಂದು ವಿಚಾರಿಸುವಂತೆಯೇ, ಅದರ ಹಿಂದೆ ದುಡಿದ ಕೈಗೆ ಏನು ದೊರೆಯಿತೆಂದೂ ವಿಚಾರಿಸಬೇಕು.

ಈ ವಿಚಾರಣೆ ನೂಲಿಗೂ ಅಗತ್ಯ. ಈಗ ಗಿರಣಿಗಳೂ ಮೊಗ್ಗುಳ್ಳ ನೂಲನ್ನು ಯಂತ್ರದಿಂದಲೇ ತೆಗೆಯುತ್ತಿವೆ. ನೋಡುವವರು ಕೈನೂಲೆಂದೇ ಭ್ರಮಿಸಬಹುದು. ಹೀಗಿರುವಾಗ ಕೈಯಿಂದ ನೂತವರ ಪಾಡೇನು? ಒಂದು ಸಣ್ಣ ಲೆಕ್ಕವನ್ನು ಗಮನಿಸಿರಿ. ಹತ್ತಿನೂಲಿನ ಅಂಕವನ್ನು ಒಂದು ಪೌಂಡಿಗೆ 840 ಗಜದ ಲಡಿಗಳೆಷ್ಟು ಎಂಬುದರಿಂದ ಎಣಿಸುವರು. 20 ಅಂಕದ ನೂಲು ಒಂದು ಪೌಂಡಿಗೆ 16,800 ಗಜ. ಒಂಟಿ ಕದಿರಿನ ರಾಟೆಯಲ್ಲಿ ಗಂಟೆಗೆ 300 ಗಜ ನೂತರೂ 56 ಗಂಟೆ ಬೇಕು. ಅದನ್ನೇ ಎರಡೆಳೆಯ ಹುರಿಮಾಡಿದರೆ ಉದ್ದ ಅರ್ಧವಾಗುತ್ತದೆ, ಶ್ರಮ ಇನ್ನಷ್ಟು ಹೆಚ್ಚುತ್ತದೆ. ಇಂಥ ನೂಲಿಗೆ ಉದ್ದದ ಮೇಲೆ ಕೂಲಿ ಕಟ್ಟಿದರೆ ಹುರಿಮಾಡಿದವರಿಗೆ ನಷ್ಟ. ತೂಕದ ಮೇಲೆ ಕಟ್ಟಿದರೆ ನಯವಾಗಿ ನೂತವರಿಗೆ ನಷ್ಟ. ತೊಡಗಿದ ಗಂಟೆಗಳಿಗೂ ಕೈಯ ಕುಶಲತೆಗೂ ಸೇರಿಸಿ ಬೆಲೆ ಕಟ್ಟುವುದೊಂದೇ ನ್ಯಾಯವಾದ ದಾರಿ. ಚಿತ್ರಕಾರನಿಗೆ ಕ್ಯಾನ್‌ವಾಸಿನ ಚದರಡಿ ಅಳೆದು ಹಣ ಕೊಡುವವರನ್ನು ನಾವು ನಗುತ್ತೇವೆ. ನೂಲಿನ ವಿಷಯದಲ್ಲಿ ನಾವು ಮಾಡುತ್ತಿರುವುದೂ ಅದನ್ನೇ.

1925ರಲ್ಲಿ ಅಖಿಲ ಭಾರತ ಚರಕಾ ಸಂಘವು ಸ್ಥಾಪಿತವಾದಾಗಲೂ, ಅನಂತರ ನಂಜನಗೂಡಿನ ಬಳಿಯ ಬದನವಾಳುವಿನಲ್ಲಿ ರಾಟೆಗಳು ತಿರುಗಿದಾಗಲೂ ಮುಖ್ಯವಾದ ಪ್ರಶ್ನೆ ಬಡವರ ಮನೆಯಲ್ಲಿ ನಾಲ್ಕು ಕಾಸು ಹುಟ್ಟುವುದು ಹೇಗೆಂಬುದಾಗಿತ್ತು. ಆ ಪ್ರಶ್ನೆ ಇನ್ನೂ ತೀರಿಲ್ಲ. ಸಾದಾ ನೂಲಿನಲ್ಲಿ ಕೈಯು ಗಿರಣಿಯ ಅಗ್ಗದೊಡನೆ ಸೆಣಸಲಾರದು. ಅಲಂಕಾರದ ನೂಲಿನಲ್ಲಿಯಾದರೂ, ಕೊಳ್ಳುವವರಿಗೆ ತಿಳಿವಳಿಕೆಯಿದ್ದರೆ, ಅದು ತಲೆಯೆತ್ತಿ ನಿಲ್ಲಬಹುದು.

ಆದುದರಿಂದ ಪಟ್ಟಣವಾಸಿಗಳಾದ ತಮ್ಮಲ್ಲಿ ನಮ್ಮ ವಿಜ್ಞಾಪನೆ ಎರಡೇ. ಕೈನೂಲಿನ ಬಟ್ಟೆಯನ್ನು ಕೊಳ್ಳುವಾಗ ನೂತವರು ಯಾವ ಊರಿನವರು, ಅವರಿಗೆ ಕೂಲಿಯನ್ನು ಹೇಗೆ ಕಟ್ಟಿದರು ಎಂದು ಅಂಗಡಿಯವರನ್ನು ಕೇಳಿರಿ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಾಗಿರುತ್ತದೆ. ಎರಡನೆಯದು, ಮನೆಗೊಂದು ತಕಲಿಯನ್ನು ತಂದು, ಹಿಡಿಯಷ್ಟು ಉಣ್ಣೆಯನ್ನೋ ಹತ್ತಿಯನ್ನೋ ಹಿಡಿದು, ಒಂದು ಸಂಜೆ ಹತ್ತು ಗಜ ನೂತು ನೋಡಿರಿ. ನೂಲು ಎಷ್ಟು ಸಲ ಹರಿಯಿತೆಂದು ಲೆಕ್ಕವಿಟ್ಟುಕೊಂಡವರು ಮರುದಿನ ಅಂಗಡಿಯಲ್ಲಿ ಬೆಲೆಯನ್ನು ಚೌಕಾಶಿಮಾಡುವ ರೀತಿಯೇ ಬೇರೆಯಾಗುತ್ತದೆ.