ಸ್ಮಾರ್ಟ್ ಬೋರ್ಡ್ ಬಂತು, ಶಿಕ್ಷಕಿಗೆ ತರಬೇತಿ ಎಲ್ಲಿ?

(ಶಾಲಾ ಆಡಳಿತ ಸಮಿತಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸ್ಮಾರ್ಟ್ ಬೋರ್ಡ್ ಇಲ್ಲದಿದ್ದರೆ ಮಕ್ಕಳ ದಾಖಲಾತಿಯೇ ಆಗದೆಂಬ ಭೀತಿ ಇಂದು ನಮ್ಮ ಶಾಲೆಗಳನ್ನು ಆವರಿಸಿದೆ. ಆದ್ದರಿಂದ ದಾನಿಗಳ ಮನೆಬಾಗಿಲಿಗೆ ಹೋಗುತ್ತೇವೆ, ಬೋರ್ಡ್ ತರುತ್ತೇವೆ, ಉದ್ಘಾಟನೆಗೆ ಶಾಸಕರನ್ನೂ ಕರೆಯುತ್ತೇವೆ. ಆದರೆ ಅದರ ಮುಂದೆ ನಿತ್ಯ ನಿಲ್ಲಬೇಕಾದ ಶಿಕ್ಷಕಿಗೆ ನಾವು ಕೊಡಿಸುವುದೇನು? ಮಾರಾಟಗಾರನು ಬಂದು ಗುಂಡಿಗಳನ್ನು ಒತ್ತಿ ತೋರಿಸುವ ಒಂದು ಮಧ್ಯಾಹ್ನ!

ದಕ್ಷಿಣ ಅಮೆರಿಕದ ಪೆರು ದೇಶವು ಶಾಲಾ ಮಕ್ಕಳಿಗೆಂದು ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳನ್ನು ಖರೀದಿಸಿತು. ಅಲ್ಲಿನ 319 ಗ್ರಾಮೀಣ ಶಾಲೆಗಳ ಕುರಿತು ಅಂತರ ಅಮೆರಿಕನ್ ಅಭಿವೃದ್ಧಿ ಬ್ಯಾಂಕ್ 2012ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಸುಧಾರಣೆ ಕಾಣಿಸಲಿಲ್ಲ. ಯಂತ್ರ ತಲುಪಿತ್ತು, ಅದನ್ನು ಪಾಠದೊಳಗೆ ಹೆಣೆಯಲು ಶಿಕ್ಷಕರಿಗೆ ದೊರೆತ ನೆರವು ಮಾತ್ರ ಅತ್ಯಲ್ಪವಾಗಿತ್ತು.

ನೆರೆಯ ಕೇರಳ ಬೇರೆ ದಾರಿ ಹಿಡಿಯಿತು. 2001ರಲ್ಲಿ ಆರಂಭವಾದ 'ಐಟಿ@ಸ್ಕೂಲ್' ಯೋಜನೆಯಲ್ಲಿ ತರಗತಿಯ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಬೆಳೆಸಲಾಯಿತು. ನಮ್ಮ ರಾಜ್ಯದಲ್ಲಿಯೂ 2011ರಿಂದ 'ವಿಷಯ ಶಿಕ್ಷಕರ ವೇದಿಕೆ'ಯ ಮೂಲಕ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರು ಪರಸ್ಪರ ಕಲಿಯುತ್ತಾ ಕನ್ನಡದಲ್ಲಿಯೇ ಪಾಠ ಸಾಮಗ್ರಿ ರಚಿಸಿದರು. ಸರಕಾರಿ ಶಾಲೆಯೆಂದರೆ ಮೂಗು ಮುರಿಯುವ ನಾವು ಇದನ್ನು ಗಮನಿಸಲೇ ಇಲ್ಲ.

ಪ್ರತಿ ಶಿಕ್ಷಕನಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. 40 ವಾರಗಳಿಗೆ ಹಂಚಿದರೆ ವಾರಕ್ಕೆ ಒಂದೂಕಾಲು ಗಂಟೆ. ಮೊಬೈಲಿನಲ್ಲಿ ವೀಡಿಯೋ ಓಡಲು ಬಿಟ್ಟು, ಇತ್ತ ಅಡುಗೆ ಮುಗಿಸಿ, ಕೊನೆಗೆ ಪ್ರಮಾಣಪತ್ರ ಪಡೆದರೆ ಈ ಲೆಕ್ಕ ಕಾಗದದ ಮೇಲೆ ಸರಿಹೋದೀತು. ನಾವು ಕೇಳುತ್ತಿರುವುದು ಅದನ್ನಲ್ಲ. ಒಬ್ಬ ಶಿಕ್ಷಕಿ ಜಿಯೋಜಿಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ತ್ರಿಕೋನದ ಮೂಲೆಯನ್ನು ಎಳೆಯುತ್ತಾರೆ. ಕೋನಗಳು ಬದಲಾಗುತ್ತವೆ, ಮೊತ್ತ 180 ಡಿಗ್ರಿಯಾಗಿಯೇ ಉಳಿಯುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದ ಸಹೋದ್ಯೋಗಿ ಶನಿವಾರ ಕೇಳಬೇಕು: 'ಎಳೆಯುವ ಮುನ್ನ, ಏನಾಗಬಹುದೆಂದು ಮಕ್ಕಳನ್ನು ಯಾಕೆ ಕೇಳಲಿಲ್ಲ?' ಮುಂದಿನ ವಾರ ಅದೇ ಪಾಠ ಇನ್ನೊಂದು ತರಗತಿಯಲ್ಲಿ, ಆ ಪ್ರಶ್ನೆಯೊಂದಿಗೆ ನಡೆಯಬೇಕು. ಇದಕ್ಕೆ ಕಂಪೆನಿಯವರು ಬೇಕಿಲ್ಲ, ಬಿಡುವು ಬೇಕು.

'ತರಬೇತಿ ಕೊಟ್ಟರೆ ಬೇರೆ ಶಾಲೆಗೆ ಹೋಗುತ್ತಾರೆ' ಎಂಬುದು ಸಮಿತಿಗಳ ಹಳೆಯ ವಾದ. ಹೋಗುವುದು ಕಲಿತದ್ದರಿಂದಲ್ಲ, ನಾವು ಕೊಡುವ ಸಂಬಳದಿಂದ. ಆದ್ದರಿಂದ ಶನಿವಾರದ ಆ ಒಂದೂಕಾಲು ಗಂಟೆಯನ್ನು ವೇತನ ಸಹಿತ ಕೆಲಸದ ಅವಧಿಯೆಂದು ಈ ಸಭೆಯಲ್ಲಿಯೇ ನಿರ್ಣಯಿಸಬೇಕು. ಎರಡನೆಯ ಬೋರ್ಡಿಗೆಂದು ಸಂಗ್ರಹಿಸಿದ ಹಣವನ್ನು ಈ ವರ್ಷ ಅದಕ್ಕೆ ವಿನಿಯೋಗಿಸಬೇಕೆಂದು ನಾವು ಕೋರುತ್ತೇವೆ.