ಬರೆದದ್ದು ಉಳಿಯಿತೇ? ಭೂ ದಾಖಲೆ ಮತ್ತು ಗಣಕಯಂತ್ರ



ಮಹಾರಾಷ್ಟ್ರದ ನಾಶಿಕ್ ಜಿಲ್ಲೆಯ ಬಾಗ್ಲಾಣ ತಾಲ್ಲೂಕಿನ ಕೇಂದ್ರ ಸಟಾಣಾ. ಈರುಳ್ಳಿ, ದಾಳಿಂಬೆಗಳ ಸೀಮೆ. ನಮ್ಮ ರೈತನಿಗೆ ಪಹಣಿ ಹೇಗೋ ಅಲ್ಲಿಯ ರೈತನಿಗೆ 'ಸಾತ್‌ಬಾರಾ' ಹಾಗೆ. ಗ್ರಾಮ ನಮೂನೆ 7 ಮತ್ತು 12 ಒಂದೇ ಹಾಳೆಯಲ್ಲಿ ಕೂಡಿರುವುದರಿಂದ ಈ ಹೆಸರು. ತಂದೆಯ ಮರಣಾನಂತರ ವಾರಸುದಾರಿಕೆಗೆ ಅರ್ಜಿ ಕೊಟ್ಟವನು ವಾರದ ಬಳಿಕ ಪ್ರತಿ ತೆಗೆಸಿದಾಗ ಹಳೆಯ ಹೆಸರೇ ಕಂಡರೆ, ಗಣಕಯಂತ್ರವೇ ತನ್ನ ಅರ್ಜಿಯನ್ನು ನುಂಗಿತೆಂದು ಭಾವಿಸುವುದು ಸಹಜ. ಬೆಳೆಸಾಲದ ಹಂಗಾಮಿನಲ್ಲಿ ಇದು ಸಣ್ಣ ಸಂಕಟವಲ್ಲ.

ಆದರೆ ಕಾಣದಿರುವುದೆಲ್ಲ ಕಳೆದುಹೋದುದಲ್ಲ. ಅರ್ಜಿಯು ಮೊದಲು 'ಫೇರ್‌ಫಾರ್', ಅಂದರೆ ಹಕ್ಕು ಬದಲಾವಣೆಯ ವಹಿಯಲ್ಲಿ ನಮೂದಾಗುತ್ತದೆ. ಸಂಬಂಧಪಟ್ಟವರಿಗೆ ನೋಟೀಸು ಹೋಗಿ, ಆಕ್ಷೇಪಣೆಯ ಅವಧಿ ಮುಗಿದು, ಮಂಡಲ ಅಧಿಕಾರಿ ಪ್ರಮಾಣೀಕರಿಸಿದ ಮೇಲೆಯೇ ಸಾತ್‌ಬಾರಾ ಬದಲಾಗುತ್ತದೆ. ಕರ್ನಾಟಕದ 'ಭೂಮಿ' ವ್ಯವಸ್ಥೆಯಲ್ಲಿಯೂ ಕ್ರಮ ಇಂತಹುದೇ. ಅಲ್ಲಿ ಅಧಿಕಾರಿಯು ಬೆರಳಚ್ಚು ನೀಡಿ ಅನುಮೋದಿಸುವ ಪದ್ಧತಿಯನ್ನು ತರಲಾಯಿತು.

ಗಣಕಯಂತ್ರದ ಒಳಗೂ ಇದೇ ನ್ಯಾಯ ನಡೆಯುತ್ತದೆ. ದತ್ತಸಂಚಯದಲ್ಲಿ ಮಾಡಿದ ಬದಲಾವಣೆಗೆ 'ಕಮಿಟ್' ಎಂಬ ಅಂತಿಮ ಆದೇಶ ದೊರೆಯುವ ತನಕ ಅದು ಸಾಮಾನ್ಯವಾಗಿ ಬರೆದವನ ಪರದೆಗಷ್ಟೇ ಸೀಮಿತ; ಪಕ್ಕದ ಮೇಜಿನಲ್ಲಿ ಕುಳಿತವನಿಗೆ ಹಳೆಯ ಹೆಸರೇ ಕಾಣುತ್ತದೆ. ಅಷ್ಟರಲ್ಲಿ ವಿದ್ಯುತ್ ಹೋದರೆ ಯಂತ್ರವು ಅರ್ಧ ಬರೆದುದನ್ನು ತಾನೇ ರದ್ದುಗೊಳಿಸುತ್ತದೆ. ಇದು ದೋಷವಲ್ಲ, ರಕ್ಷಣೆ. ಮಾರಿದವನ ಹೆಸರು ಅಳಿಸಿ, ಕೊಂಡವನ ಹೆಸರು ಸೇರಿಸುವ ಮುನ್ನವೇ ಕೆಲಸ ನಿಂತರೆ ಆ ಹೊಲ ಯಾರದ್ದಾಗಬೇಕು?

ನಿಜವಾದ ಮೋಸ ಇನ್ನೊಂದೆಡೆ ಇದೆ. 45/2ರ ಬದಲು ದಾಖಲೆಯಲ್ಲಿಯೇ ಇಲ್ಲದ ಉಪವಿಭಾಗದ ಸಂಖ್ಯೆಯನ್ನು ಕೊಟ್ಟರೆ, ಹಲವು ದತ್ತಸಂಚಯಗಳು ಅದನ್ನು ತಪ್ಪೆಂದು ಹೇಳುವುದಿಲ್ಲ. ಆದೇಶವನ್ನು ನೆರವೇರಿಸಿ, 'ಸೊನ್ನೆ ಸಾಲುಗಳು ಬದಲಾದವು' ಎಂದು ಸುಮ್ಮನಾಗುತ್ತವೆ. ನೌಕರನು ಆ ಸೊನ್ನೆಯನ್ನು ಗಮನಿಸದೆ ಎದ್ದುಹೋದರೆ ದೂರು ಬರುವವರೆಗೆ ಯಾರಿಗೂ ತಿಳಿಯದು. ಇಂತಹ ಸಂದರ್ಭದಲ್ಲಿ ಮತ್ತೆ ಮತ್ತೆ ಗುಂಡಿ ಒತ್ತುವುದಕ್ಕಿಂತ, ಸಂಖ್ಯೆಯನ್ನು ಕಾಗದದೊಡನೆ ಹೋಲಿಸಿ ನೋಡುವುದು ಲೇಸು.

ಇನ್ನು ನೋಡುವ ಪ್ರತಿಯ ವಿಚಾರ. ಬರೆಯುವ ಸಂಗ್ರಹ ಒಂದು, ಸಾರ್ವಜನಿಕರಿಗೆ ತೋರಿಸುವ ನಕಲು ಇನ್ನೊಂದು ಆಗಿರುವಲ್ಲಿ ನಕಲು ತುಸು ಹಿಂದೆ ಉಳಿಯಬಹುದು. ಬ್ರೌಸರ್ ಕೂಡ ಹಳೆಯ ಪುಟವನ್ನೇ ಮತ್ತೆ ತೋರಿಸುವುದುಂಟು. ಮನೆಯಲ್ಲಿಟ್ಟ ಮುದ್ರಿತ ಪ್ರತಿಯಂತೂ ಮುದ್ರಿಸಿದ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ.

ಆದ್ದರಿಂದ ಕಚೇರಿಗೆ ಹೋಗುವ ರೈತಬಾಂಧವರು ಅರ್ಜಿಯ ಸ್ವೀಕೃತಿಯನ್ನೂ ಫೇರ್‌ಫಾರ್ ಸಂಖ್ಯೆಯನ್ನೂ ತಪ್ಪದೆ ಒಯ್ಯಬೇಕು. ಸಾತ್‌ಬಾರಾದ ಈಗಿನ ನಮೂನೆಯಲ್ಲಿ ಬಾಕಿ ಇರುವ ಫೇರ್‌ಫಾರ್ ಹಾಗೂ ಕೊನೆಯ ಫೇರ್‌ಫಾರ್ ಸಂಖ್ಯೆಗಳನ್ನು ನಮೂದಿಸಲು ಸ್ಥಳವಿದೆ. ತಮ್ಮ ಸಂಖ್ಯೆ ಬಾಕಿಯಲ್ಲಿದ್ದರೆ ಅಧಿಕಾರಿಯ ಪ್ರಮಾಣೀಕರಣಕ್ಕಾಗಿ ಕೇಳಬೇಕು; ಎರಡರಲ್ಲಿಯೂ ಇಲ್ಲದಿದ್ದರೆ ಫೇರ್‌ಫಾರ್ ವಹಿಯನ್ನೇ ತೆರೆದು ತೋರಿಸುವಂತೆ ಕೋರಬೇಕು.