ದನದ ಉಣ್ಣೆ: ಅದರ ಗರ್ಭಧಾರಣೆಯೂ ಸಂತಾನವೂ



ದನದ ಮೈಯಲ್ಲಿ ಕಾಳಿನಂತೆ ಊದಿಕೊಂಡಿರುವ ಉಣ್ಣೆಯನ್ನು ನೋಡದ ರೈತನಿಲ್ಲ. ಕೆಲವು ಸೀಮೆಗಳಲ್ಲಿ ಇದಕ್ಕೆ ಉಣುಗು ಎಂದು ಹೆಸರು. ಅದನ್ನು ಕಿತ್ತು ಕೊಟ್ಟಿಗೆಯ ನೆಲಕ್ಕೆಸೆದು, ಕೆಲಸ ಮುಗಿಯಿತೆಂದು ತಿಳಿಯುವುದು ವಾಡಿಕೆ. ಈ ವಾಡಿಕೆಯಿಂದಾಗುವ ಕೇಡು ಎಷ್ಟೆಂಬುದು ಹೆಣ್ಣು ಉಣ್ಣೆಯ ದೇಹರಚನೆಯನ್ನು ತಿಳಿದರೆ ಚೆನ್ನಾಗಿ ಮನದಟ್ಟಾಗುವುದು.

ಉಣ್ಣೆಯು ಜೇಡ, ಚೇಳುಗಳ ಬಳಗಕ್ಕೆ ಸೇರಿದ ಪ್ರಾಣಿ. ಇದರಲ್ಲಿ ಅನೇಕ ಜಾತಿಗಳುಂಟು. ಈ ದೇಶದ ದನಗಳಲ್ಲಿ ಬಹಳವಾಗಿ ಕಂಡುಬರುವ ರಿಪಿಸಿಫಾಲಸ್ ಮೈಕ್ರೋಪ್ಲಸ್ ಎಂಬ ಜಾತಿಯು ಮರಿಯಾಗಿ ದನವನ್ನು ಹತ್ತಿದರೆ, ಸುಮಾರು 3 ವಾರಗಳ ಕಾಲ ಅದರ ಮೈಮೇಲೆಯೇ ಇದ್ದು, ಎರಡು ಬಾರಿ ಪೊರೆ ಕಳಚಿ, ಪ್ರಾಯಕ್ಕೆ ಬಂದು, ಅಲ್ಲಿಯೇ ಜೋಡಿಯಾಗುತ್ತದೆ.

ಹೆಣ್ಣಿನ ಜನನದ್ವಾರವು ದೇಹದ ಅಡಿಭಾಗದಲ್ಲಿ, ಕಾಲುಗಳ ಬುಡಗಳ ನಡುವೆ ಇದೆ. ಅದರ ಒಳಗೆ ಯೋನಿನಾಳ, ರೇತಸ್ಸನ್ನು ಹಿಡಿದಿಡುವ ಚೀಲ, ಗರ್ಭಕೋಶ, ಎರಡು ಅಂಡನಾಳಗಳು, ಹಿಂಭಾಗದಲ್ಲಿ ಲಾಳದಂತೆ ಬಾಗಿದ ಒಂದೇ ಅಂಡಾಶಯ ಇವೆ. ಮೊಟ್ಟೆಗಳು ಅಂಡಾಶಯದ ಹೊರಮೈಗೆ ಸಣ್ಣ ತೊಟ್ಟುಗಳಿಂದ ಅಂಟಿಕೊಂಡು, ಗೊಂಚಲಿನ ಹಣ್ಣುಗಳಂತೆ ಬೆಳೆಯುತ್ತವೆ.

ಗಂಡು ಗಾತ್ರದಲ್ಲಿ ಚಿಕ್ಕದು. ಅದಕ್ಕೆ ಸಂಗಮಕ್ಕೆಂದು ಬೇರೆ ಅಂಗವಿಲ್ಲ. ಅದು ಹೆಣ್ಣಿನ ಅಡಿಗೆ ನುಸುಳಿ, ತನ್ನ ಬಾಯಿಯ ಭಾಗಗಳಿಂದ ಜನನದ್ವಾರವನ್ನು ಅಗಲಿಸಿ, ರೇತಸ್ಸು ತುಂಬಿದ ಒಂದು ಸಣ್ಣ ಚೀಲವನ್ನು ಅಲ್ಲಿ ಇಡುತ್ತದೆ. ರೇತಾಣುಗಳು ಪೂರ್ಣ ಪಕ್ವವಾಗುವುದು ಹೆಣ್ಣಿನ ದೇಹದೊಳಗೆಯೇ.

ಗಂಡನ್ನು ಕೂಡದ ಹೆಣ್ಣು ಸ್ವಲ್ಪ ರಕ್ತ ಕುಡಿದು ಹಾಗೆಯೇ ನಿಲ್ಲುತ್ತದೆ. ಕೂಡಿದ ಹೆಣ್ಣಾದರೋ ಕೊನೆಯ ಒಂದು ರಾತ್ರಿಯಲ್ಲಿ ಹೊಟ್ಟೆ ಬಿರಿಯುವಂತೆ ಹೀರಿ, ಹೆಚ್ಚಾಗಿ ಮುಂಜಾನೆಯ ವೇಳೆಗೆ ಕಳಚಿ ಬೀಳುತ್ತದೆ. ಆದುದರಿಂದ ಊದಿದ ಉಣ್ಣೆಯೆಂದರೆ ಗರ್ಭ ಧರಿಸಿದ ಉಣ್ಣೆಯೆಂದೇ ಭಾವಿಸತಕ್ಕದ್ದು. ನೆಲಕ್ಕೆ ಬಿದ್ದ ಕೆಲವು ದಿನಗಳಲ್ಲಿ ಅದು ಮರೆಯಾದ ಸ್ಥಳದಲ್ಲಿ 2000ದಿಂದ 3000ದವರೆಗೆ ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಬಾಯಿಯ ಮೇಲ್ಗಡೆಯಿಂದ ಹೊರಬರುವ ಜೆನೆಯ ಅಂಗವೆಂಬುದು ಪ್ರತಿಯೊಂದು ಮೊಟ್ಟೆಗೂ ಮೇಣವನ್ನು ಸವರುತ್ತದೆ. ಈ ಲೇಪವಿಲ್ಲದ ಮೊಟ್ಟೆ ಒಣಗಿ ಸುರುಟಿಹೋಗುವುದು.

ಕೇಡು ರಕ್ತ ಹೀರುವುದರಲ್ಲಿಯೇ ಮುಗಿಯದು. ಮೂತ್ರವು ಕೆಂಪಾಗಿ ದನವು ಜ್ವರದಿಂದ ಸಾಯುವ ರೋಗವು ತಾಯಿ ಉಣ್ಣೆಯಿಂದ ಮರಿಗಳ ಮೂಲಕ ಹರಡುತ್ತದೆಂಬುದನ್ನು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು 1893ರಲ್ಲಿ ಪ್ರಕಟಿಸಿದರು. ಬೆಬೀಸಿಯಾ ಎಂಬ ಆ ರೋಗಾಣುವು ಅಂಡಾಶಯವನ್ನು ಹೊಕ್ಕು, ಮೊಟ್ಟೆಯೊಳಗೆ ಸೇರಿ, ಇನ್ನೂ ದನವನ್ನೇ ಕಾಣದ ಮರಿಯಲ್ಲಿಯೂ ನೆಲೆಸಿರುತ್ತದೆ. ಆ ಮರಿ ಹುಲ್ಲಿನ ತುದಿಯೇರಿ ಮುಂದಿನ ದನಕ್ಕಾಗಿ ಕಾದಿರುತ್ತದೆ.

ಇದರಿಂದ ಮಾಡತಕ್ಕ ಕೆಲಸ ತಾನೇ ಸ್ಪಷ್ಟವಾಗುತ್ತದೆ. ಮರುದಿನ ಬೆಳಗ್ಗೆ ಉದುರುವ ಉಣ್ಣೆಗಳು ಹಿಂದಿನ ಸಂಜೆ ಇನ್ನೂ ಪೂರ್ತಿ ಊದಿರುವುದಿಲ್ಲ. ಆದ್ದರಿಂದ ಸಂಜೆಯ ಹೊತ್ತು ಗಂಗೆದೊಗಲು, ಕೆಚ್ಚಲು, ತೊಡೆಸಂದು, ಬಾಲದ ಬುಡಗಳನ್ನು ತಡವಿ ನೋಡಬೇಕು. ಕಿತ್ತ ಉಣ್ಣೆಯನ್ನು ನೆಲಕ್ಕೆ ಎಸೆಯದೆ, ಬರಿಗೈಯಿಂದ ಹಿಸುಕದೆ, ಸೀಮೆ‌ಎಣ್ಣೆಯಿರುವ ಡಬ್ಬಿಯಲ್ಲಿ ಹಾಕಬೇಕು. ಕೊಟ್ಟಿಗೆಯ ಬಿರುಕುಗಳನ್ನು ಮೆತ್ತಿ ಮುಚ್ಚಬೇಕು. ಉಪದ್ರವ ಹೆಚ್ಚಾದರೆ ಪಶುವೈದ್ಯರು ಹೇಳಿದ ಔಷಧವನ್ನು ಹೇಳಿದ ಪ್ರಮಾಣದಲ್ಲಿಯೇ ಬಳಸಬೇಕು.

ಇಂದು ಡಬ್ಬಿಯಲ್ಲಿ ಸತ್ತ ಒಂದು ಹೆಣ್ಣು, ಬರುವ ತಿಂಗಳುಗಳಲ್ಲಿ ಹುಲ್ಲಿನ ಮೇಲೆ ಕಾಯುತ್ತಿದ್ದ ಸಾವಿರಾರು ಮರಿಗಳಿಗೆ ಸಮಾನ.